ಅಕ್ಷರ ತೆಗೆದುಬಿಟ್ಟರೆ ಸಾಕಾ?

(ಡಿಸೈನ್ ಮತ್ತು ಕಂಪ್ಯೂಟರ್ ಕಲಿಯುತ್ತಿರುವ ಕಾಲೇಜು ಮಕ್ಕಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಅರ್ಧಕ್ಕೆ ಬಿಟ್ಟಿದ್ದನ್ನು ಇಲ್ಲಿ ಸ್ವಲ್ಪ ತುಂಬಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಮ್ಮನ ಫೋನಿನಿಂದ ಮಾತು ಶುರು ಮಾಡುತ್ತೇನೆ.

ದೊಡ್ಡಮ್ಮನಿಗೆ ಓದು ಬರಹ ಬರುವುದಿಲ್ಲ. ಹಾಸನದ ಹತ್ತಿರ ಒಂದು ಹಳ್ಳಿಯಲ್ಲಿ ಎರಡು ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿಕೊಂಡು ಇದ್ದಾರೆ. ಅವರ ಫೋನಿನಲ್ಲಿ ಹೆಸರು ಹಾಕಿ ಸೇವ್ ಮಾಡಿದ ಒಂದು ನಂಬರೂ ಇಲ್ಲ. ಆದರೂ ಯಾರು ಫೋನ್ ಮಾಡುತ್ತಿದ್ದಾರೆ ಅಂತ ಅವರಿಗೆ ಗೊತ್ತಾಗುತ್ತದೆ. ಕೊನೆಯ ಎರಡು ಅಂಕಿ ನೋಡುತ್ತಾರೆ. "ನಲವತ್ತೇಳು ಅಂದ್ರೆ ನೀನು. ಹನ್ನೆರಡು ನಿಮ್ಮಣ್ಣ. ಸೊನ್ನೆ ಸೊನ್ನೆ ಅಂದ್ರೆ ಹಸು ಡಾಕ್ಟ್ರು. ಅರವತ್ತಮೂರು ಡೈರಿ ಹುಡುಗ."

ನಾನು ಆ್ಯಪ್‌ಗಳ ಸ್ಕ್ರೀನ್ ಡಿಸೈನ್ ಮಾಡುವವಳು. ಕೆಲವು ವರ್ಷದ ಹಿಂದೆ, ಹಾಲು ಹಾಕುವವರಿಗೆ ಅವರ ಲೆಕ್ಕ ತೋರಿಸುವ ಒಂದು ಆ್ಯಪ್ ಮಾಡುವ ತಂಡದಲ್ಲಿದ್ದೆ. ಓದಲು ಬಾರದವರೂ ಬಳಸುವಂತಿರಬೇಕು ಅನ್ನುವುದು ನಮ್ಮ ಆಸೆ. ಹಾಗಾಗಿ ಪದಗಳನ್ನೆಲ್ಲ ತೆಗೆದು ಆ ಜಾಗದಲ್ಲಿ ಚಿತ್ರ ಕೂರಿಸಿದೆ. ಊರಿಗೆ ಹೋದಾಗ ದೊಡ್ಡಮ್ಮನ ಕೈಗೆ ಕೊಟ್ಟೆ.

ಅವರು ಜಗಲಿ ಮೇಲೆ ಕೂತು, ಫೋನನ್ನು ಸ್ವಲ್ಪ ದೂರ ಹಿಡಿದು ನೋಡಿದರು. ಕೆಳಗಿನ ಮೂಲೆಯಲ್ಲಿ ಸಣ್ಣ ಮನೆಯ ಚಿತ್ರ ಇತ್ತು. "ಇದು ಯಾರ ಮನೆ?" ಅಂತ ಕೇಳಿದರು. ಅದು ಯಾರ ಮನೆಯೂ ಅಲ್ಲ. ಮೊದಲನೇ ಪುಟಕ್ಕೆ ವಾಪಸ್ ಹೋಗುವ ಬಟನ್. ಪಕ್ಕದಲ್ಲಿ ಹಲ್ಲಿನ ಚಕ್ರ ಇತ್ತು. "ಇದು ಮಿಲ್ಲಿನ ಚಕ್ರ ಅಲ್ವಾ? ಹಾಲಿನ ಲೆಕ್ಕದಲ್ಲಿ ಮಿಲ್ ಯಾಕೆ?" ಅದು ಸೆಟ್ಟಿಂಗ್ಸ್. ಆಮೇಲೆ ನಾನೇ ಒತ್ತಿ ಅವರ ಹೋದ ವಾರದ ಲೆಕ್ಕ ತೋರಿಸಿದೆ. ಅಂಕಿ ಓದಲು ಬರುತ್ತದಲ್ಲ, ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನನ್ನ ದುಡ್ಡಿನ ವಿಷಯ ನಿನ್ನ ಫೋನಿನೊಳಗೆ ಹೆಂಗೆ ಬಂತು?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದರೆ ತಾಂತ್ರಿಕ ಉತ್ತರ ಇತ್ತು, ಅವರಿಗೆ ಹೇಳುವಂಥದ್ದು ಇರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಹುಡುಕಿದೆ. ಆಗ ಗೊತ್ತಾಯಿತು, ಇದೇ ಪ್ರಶ್ನೆಯನ್ನು ಇದೇ ಬೆಂಗಳೂರಿನಲ್ಲಿ ಒಬ್ಬ ಸಂಶೋಧಕಿ ಎಷ್ಟೋ ವರ್ಷದ ಹಿಂದೆಯೇ ಎದುರಿಸಿದ್ದರು ಅಂತ. ಅವರ ಹೆಸರು ಇಂದ್ರಾಣಿ ಮೇಧಿ ಥೀಸ್. ಇವತ್ತು ಅವರ ಕೆಲಸದ ಬಗ್ಗೆ ಹೇಳಬೇಕು ಅಂತ ಬಂದಿದ್ದೇನೆ.

ಅವರ ಕ್ಷೇತ್ರಕ್ಕೆ ಹ್ಯೂಮನ್ ಕಂಪ್ಯೂಟರ್ ಇಂಟರಾಕ್ಷನ್ ಅನ್ನುತ್ತಾರೆ, ಚಿಕ್ಕದಾಗಿ ಎಚ್‌ಸಿಐ. ಮನುಷ್ಯರಿಗೂ ಯಂತ್ರಕ್ಕೂ ನಡುವಿನ ಒಡನಾಟದ ಅಧ್ಯಯನ. ಈ ಕ್ಷೇತ್ರ ಬೆಳೆದದ್ದು ಹೆಚ್ಚಾಗಿ ಆಫೀಸುಗಳಲ್ಲಿ, ಯೂನಿವರ್ಸಿಟಿಗಳಲ್ಲಿ. ಎದುರಿಗೆ ಕೂತವರಿಗೆ ಓದು ಬರುತ್ತದೆ ಅಂತ ಯಾರೂ ಹೇಳದೆಯೇ ಒಪ್ಪಿಕೊಂಡುಬಿಟ್ಟಿದ್ದರು. ಆದರೆ 2011ರ ಜನಗಣತಿ ತೆಗೆದು ನೋಡಿ. ನಮ್ಮ ಕರ್ನಾಟಕದಲ್ಲಿ ಏಳು ವರ್ಷ ದಾಟಿದವರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 75. ನಾಲ್ಕು ಜನರಲ್ಲಿ ಒಬ್ಬರಿಗೆ ಓದಲು ಬರುವುದಿಲ್ಲ. ನಮ್ಮ ದೊಡ್ಡಮ್ಮ ಆ ಒಬ್ಬರು.

ಮೈಕ್ರೋಸಾಫ್ಟ್ ರಿಸರ್ಚ್ ತನ್ನ ಭಾರತದ ಲ್ಯಾಬ್ ಶುರು ಮಾಡಿದ್ದು 2005ರ ಜನವರಿಯಲ್ಲಿ. ಮೊದಲು ಸದಾಶಿವನಗರದಲ್ಲಿತ್ತು. ಅಲ್ಲಿ ಕೆಂಟಾರೊ ಟೊಯಾಮಾ ಎಂಬವರು ಒಂದು ತಂಡ ಕಟ್ಟಿದರು. ಬಡವರ ಬದುಕಿಗೆ ಕಂಪ್ಯೂಟರಿನಿಂದ ಏನಾದರೂ ಆಗುತ್ತದಾ ಅಂತ ನೋಡುವುದು ಆ ತಂಡದ ಕೆಲಸ. ಇಂದ್ರಾಣಿ ಅದನ್ನು ಸೇರಿದರು. ಓದಿದ್ದು ಡಿಸೈನ್. ಮುಂದೆ ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನಲ್ಲಿ ಪಿಎಚ್‌ಡಿಯನ್ನೂ ಮಾಡಿದರು. ಆ ಸೆಂಟರಿನ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಇನ್ನೊಂದು ಕಡೆ ಬರುತ್ತದೆ.

ಅವರ ಮೊದಲ ಮುಖ್ಯ ಕೆಲಸ 2006ರಲ್ಲಿ ಹೊರಬಂತು. ಬೆಂಗಳೂರಿನ ಮೂರು ಕೊಳೆಗೇರಿಗಳ ಹೆಂಗಸರ ಜೊತೆ ಮಾಡಿದ್ದು. ಬೆಳಿಗ್ಗೆ ಎದ್ದು ನಾಲ್ಕಾರು ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ, ಅಡುಗೆ ಮಾಡಿ ಬರುವ ಹೆಂಗಸರು. ಮನೆಗೆಲಸದವರ ನಡುವೆ ಕೆಲಸ ಮಾಡುತ್ತಿದ್ದ ಸ್ತ್ರೀ ಜಾಗೃತಿ ಸಮಿತಿಯ ಮೂಲಕ ಅವರ ಪರಿಚಯ ಮಾಡಿಕೊಂಡರು. ಗಂಟೆಗಟ್ಟಲೆ ಅವರ ಜೊತೆ ಕೂತು, ನಿಮಗೆ ಏನು ಬೇಕು ಅಂತ ಕೇಳಿದರು. ಕೆಲಸ ಎಲ್ಲಿದೆ ಅಂತ ತಿಳಿಯಬೇಕು ಅನ್ನುವುದು ಅಲ್ಲಿಂದ ಬಂತು. ಯಾವ ಮನೆಯಲ್ಲಿ, ಎಷ್ಟು ಹೊತ್ತು, ಎಷ್ಟು ಸಂಬಳ. ಇದೆಲ್ಲ ಬಾಯಿಂದ ಬಾಯಿಗೆ ಹೋಗುವ ಸುದ್ದಿ. ಗೊತ್ತಿದ್ದವರಿಗೆ ಸಿಗುತ್ತದೆ, ಇಲ್ಲದವರಿಗೆ ಇಲ್ಲ.

ಸರಿ, ಅದಕ್ಕೊಂದು ಕಂಪ್ಯೂಟರ್ ಪ್ರೋಗ್ರಾಂ ಮಾಡೋಣ ಅಂತ ಹೊರಟರು. ಷರತ್ತು ಒಂದೇ. ಪರದೆ ಮೇಲೆ ಒಂದಕ್ಷರವೂ ಇರಬಾರದು, ಪಕ್ಕದಲ್ಲಿ ನಿಂತು ಹೇಳಿಕೊಡುವವರೂ ಬೇಕಾಗಬಾರದು. ಅಂಕಿ ಮಾತ್ರ ಇರಬಹುದು, ಯಾಕೆಂದರೆ ಅಂಕಿ ಆ ಹೆಂಗಸರಿಗೆ ಗೊತ್ತಿತ್ತು. ಬೆಂಗಳೂರಿನ ಬಸ್ ಸ್ಟಾಪಿನಲ್ಲಿ ನಿಂತು ನೋಡಿ. ಬೋರ್ಡು ಓದಲು ಬಾರದವರೂ 335ಇ ಬಂದ ಕೂಡಲೇ ಮುಂದೆ ನುಗ್ಗುತ್ತಾರೆ. ದುಡ್ಡು ಎಣಿಸುವವರಿಗೆ ಅಂಕಿ ಬರದೆ ಇರುತ್ತದಾ?

ಇಲ್ಲಿ ಒಂದು ಸಣ್ಣ ವಿಷಯ ಹೇಳಲೇಬೇಕು. ನನಗೆ ಅವರ ಕೆಲಸದ ಮೇಲೆ ಗೌರವ ಹುಟ್ಟಿದ್ದೇ ಇದನ್ನು ಓದಿದಾಗ. ಅಡುಗೆ ಕೆಲಸ, ಪಾತ್ರೆ ತೊಳೆಯುವ ಕೆಲಸ ಅಂತ ಚಿತ್ರದಲ್ಲಿ ತೋರಿಸಬೇಕಲ್ಲ. ಒಲೆ, ಪಾತ್ರೆ, ನಲ್ಲಿ ಬರೆದರು. ಹೆಂಗಸರು ನೋಡಿ ಅಡುಗೆಮನೆ ಅಂದುಕೊಂಡರು. ಅವರಿಗೆ ಅದರಲ್ಲಿ ಜಾಗ ಕಂಡಿತು, ಕೆಲಸ ಕಾಣಲಿಲ್ಲ. ಆಮೇಲೆ ನಲ್ಲಿಯಿಂದ ನೀರು ಸುರಿಯುವ ಹಾಗೆ, ಪಾತ್ರೆಯಿಂದ ಹಬೆ ಏಳುವ ಹಾಗೆ ನಾಲ್ಕು ಗೆರೆ ಎಳೆದರು. ಆಗ ಗೊತ್ತಾಯಿತು, ಇಲ್ಲಿ ಏನೋ ನಡೆಯುತ್ತಿದೆ ಅಂತ.

ಬರೀ ನಾಲ್ಕು ಗೆರೆ! ಇಡೀ ಚಿತ್ರ ನಾಮಪದದಿಂದ ಕ್ರಿಯಾಪದ ಆಗಿಬಿಟ್ಟಿತು. ನಾವು ಪ್ರೈಮರಿ ಸ್ಕೂಲಿನಲ್ಲಿ ಚಿತ್ರ ನೋಡಿ ಕಥೆ ಹೇಳುವುದನ್ನು ಕಲಿಯುತ್ತೇವೆ. ಕಾಮಿಕ್ಸ್ ಓದುತ್ತೇವೆ. ಹಾಗಾಗಿ ಚಿತ್ರ ಓದುವುದೂ ಒಂದು ಕಲಿಕೆ ಅನ್ನುವುದೇ ನಮಗೆ ಮರೆತುಹೋಗಿರುತ್ತದೆ. ನಮ್ಮ ದೊಡ್ಡಮ್ಮ ಮನೆಯ ಚಿತ್ರ ನೋಡಿ ಇದು ಯಾರ ಮನೆ ಅಂತ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಮನೆ ಅಂದರೆ ಯಾರದ್ದೋ ಆಗಿರಲೇಬೇಕು.

ಪ್ರೋಗ್ರಾಂ ಸಿದ್ಧವಾಯಿತು. ಕೈಯಲ್ಲಿ ಬರೆದ ಹಾಗಿರುವ ಸರಳ ಚಿತ್ರಗಳು. ಯಾವುದರ ಮೇಲೆ ಹೋದರೂ ದನಿಯಲ್ಲಿ ವಿವರ. ಯಾವ ಹೊತ್ತಿಗೂ ಒತ್ತಬಹುದಾದ ಸಹಾಯದ ಬಟನ್. ಇದೇ ಕ್ರಮದಲ್ಲಿ ಊರಿನ ನಕ್ಷೆಯ ಇನ್ನೊಂದು ಪ್ರೋಗ್ರಾಮನ್ನೂ ಮಾಡಿದ್ದರು. ಅಕ್ಷರ ಇರುವ ಪ್ರೋಗ್ರಾಂ ಜೊತೆ ಹೋಲಿಸಿ ನೋಡಿದಾಗ, ಹೆಂಗಸರು ಇದನ್ನೇ ಮೆಚ್ಚಿದರು. ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಸಂಶೋಧನೆಯ ಪೇಪರ್ ಬಂತು, ಒಳ್ಳೆಯ ಹೆಸರೂ ಬಂತು.

ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಏನೋ ಸರಿಯಿಲ್ಲ ಅಂತ ಅವರಿಗೆ ಕಂಡಿತ್ತು. ಎಲ್ಲಿ ಒತ್ತಬೇಕು ಅಂತ ಹೆಂಗಸರಿಗೆ ತಿಳಿದಿತ್ತು, ದನಿಯೂ ಅರ್ಥವಾಗುತ್ತಿತ್ತು. ಆದರೂ ಮುಂದೆ ಹೋಗದೆ ನಿಲ್ಲುತ್ತಿದ್ದರು. ಒಂದು, ಭಯ. ಇಂಥ ಯಂತ್ರ ತಮ್ಮಂಥವರು ಮುಟ್ಟುವುದಲ್ಲ ಅನ್ನುವ ಅಂಜಿಕೆ, ನಂಬಬಹುದಾ ಅನ್ನುವ ಅನುಮಾನ. ಇನ್ನೊಂದು, ಈ ಪೆಟ್ಟಿಗೆಯಿಂದ ತಮಗೇನು ಸಿಗುತ್ತದೆ ಅನ್ನುವುದೇ ತಿಳಿಯದು. ಮೂರನೆಯದು ನಮ್ಮ ದೊಡ್ಡಮ್ಮನ ಪ್ರಶ್ನೆ. ಎಲ್ಲೋ ಇರುವ ಒಂದು ಮನೆಯ ಕೆಲಸದ ಸುದ್ದಿ ಈ ಪೆಟ್ಟಿಗೆಯೊಳಗೆ ಹೆಂಗೆ ಬಂದು ಕೂತಿತು?

ಮನೆಗೆಲಸ ಹುಡುಕುವುದು ಅಂದರೆ ಏನು ಯೋಚಿಸಿ. ಪಕ್ಕದ ಮನೆಯ ಅಕ್ಕ ಹೇಳುತ್ತಾಳೆ, "ನಾನು ಹೋಗ್ತೀನಲ್ಲ, ಅದೇ ರೋಡಲ್ಲಿ ಮೂರನೇ ಮನೆ, ಮೇಡಂ ಒಳ್ಳೆಯವರು, ಕೇಳಿ ನೋಡು." ಆ ಸುದ್ದಿಗೆ ಒಂದು ಮುಖ ಇದೆ. ಹೇಳಿದವಳು ಯಾರು, ಅವಳಿಗೆ ಹೇಗೆ ಗೊತ್ತು, ಎಲ್ಲವೂ ಅದರ ಜೊತೆಗೇ ಬರುತ್ತದೆ. ಕಂಪ್ಯೂಟರ್ ಅದೇ ಸುದ್ದಿಯನ್ನು ಹೇಳಿತು, ಹೇಳಿದವಳನ್ನು ಮಾತ್ರ ಬಿಟ್ಟುಬಿಟ್ಟಿತು.

ಇಂದ್ರಾಣಿ ಮತ್ತು ಟೊಯಾಮಾ 2007ರಲ್ಲಿ ಅದಕ್ಕೊಂದು ದಾರಿ ಕಂಡುಕೊಂಡರು. ಪ್ರೋಗ್ರಾಂ ಶುರುವಾಗುವ ಮುಂಚೆ ಒಂದು ಸಣ್ಣ ವಿಡಿಯೋ. ನಾಟಕದ ಹಾಗೆ. ಕೆಲಸಕ್ಕೆ ಜನ ಬೇಕಾದವರ ಸುದ್ದಿ ಕಂಪ್ಯೂಟರಿನೊಳಗೆ ಬಂದು ಸೇರುವುದು ಹೇಗೆ ಅನ್ನುವುದು ಅದರಲ್ಲಿ ಕಾಣಿಸುತ್ತದೆ. ಕೆಲಸ ಹುಡುಕುವವರು ಆ ಪ್ರೋಗ್ರಾಮನ್ನು ಬಳಸುವುದು ಕಾಣಿಸುತ್ತದೆ. ಎಲ್ಲಿ ಒತ್ತಬೇಕು ಅನ್ನುವ ಪಾಠ ಇದರ ಜೊತೆಗೆ ಬರುತ್ತದೆ. ಇದಕ್ಕೆ ಅವರು ಪೂರ್ತಿ ಸಂದರ್ಭದ ವಿಡಿಯೋ ಅನ್ನುವ ಅರ್ಥದ ಹೆಸರು ಕೊಟ್ಟರು. 35 ಜನರ ಜೊತೆ ಪರೀಕ್ಷೆ ಮಾಡಿದರು.

ಅಂದರೆ ಯಂತ್ರಕ್ಕೆ ಒಂದು ಹಿನ್ನೆಲೆ ಕಥೆ ಬೇಕಾಯಿತು. ಹರಿಕಥೆ ದಾಸರು ಕಥೆಗೆ ಮೊದಲು ಪೀಠಿಕೆ ಹಾಕುತ್ತಾರಲ್ಲ, ಹಾಗೆ. ನಾನು ಬಟನ್ ಯಾವ ಬಣ್ಣ ಇರಬೇಕು ಅಂತ ವಾರಗಟ್ಟಲೆ ಚರ್ಚೆ ಮಾಡಿದವಳು. ಪೀಠಿಕೆ ಬೇಕು ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಈಗ ಆ ಐಐಟಿ ಬಾಂಬೆಯ ಸೆಂಟರಿಗೆ ಬರುತ್ತೇನೆ. ಅಕ್ಷರವೇ ಬೇಡದ ಒಂದು ಯಂತ್ರ ನಮ್ಮ ದೇಶದಲ್ಲಿ ಎಷ್ಟೋ ವರ್ಷದಿಂದ ಇದೆ. ದೊಡ್ಡಮ್ಮ ಅದನ್ನು ಒಂದು ಸಲವೂ ತಪ್ಪಿಸದೆ ಬಳಸಿದ್ದಾರೆ. ವೋಟಿಂಗ್ ಮಷಿನ್. ಅದನ್ನು ತಯಾರಿಸುವ ಎರಡು ಕಾರ್ಖಾನೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್, ಇನ್ನೊಂದು ಹೈದರಾಬಾದಿನ ಇಸಿಐಎಲ್. ಅದರ ರೂಪ ತೀರ್ಮಾನ ಮಾಡುವುದರಲ್ಲಿ ಅದೇ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಅವರ ಕೈ ಇದೆ. ಮೊದಲ ಸಲ ಬಳಸಿದ್ದು 1982ರಲ್ಲಿ, ಕೇರಳದ ಪರವೂರಿನಲ್ಲಿ.

ಆ ಮಷಿನನ್ನು ಡಿಸೈನ್ ಮಾಡುವವರ ಕಣ್ಣಲ್ಲಿ ನೋಡಿ. ಸಾಲಾಗಿ ಗುರುತುಗಳು. ಪ್ರತಿ ಗುರುತಿನ ಪಕ್ಕ ಒಂದೇ ಒಂದು ನೀಲಿ ಬಟನ್. ಒತ್ತಿದರೆ ಕೆಂಪು ದೀಪ, ಜೊತೆಗೆ ಉದ್ದನೆಯ ಕೀಂ ಅನ್ನುವ ಶಬ್ದ. ಒಂದು ಯೂನಿಟ್ಟಿನಲ್ಲಿ 16 ಸಾಲು. ಒಳಗೆ ಹೋಗಿ ಹುಡುಕುವ ಕೆಲಸ ಇಲ್ಲ, ಮೆನು ಇಲ್ಲ, ಹಿಂದಕ್ಕೆ ಬರುವುದು ಇಲ್ಲ. ಎಲ್ಲವೂ ಕಣ್ಣೆದುರಿಗೇ ಇದೆ.

ಗುರುತಿನ ಕಥೆ ಇದಕ್ಕಿಂತ ಹಳೆಯದು. 1951ರಲ್ಲಿ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ 18 ಜನ. ಆ ಜನರನ್ನು ಇಟ್ಟುಕೊಂಡು ಚುನಾವಣೆ ನಡೆಸಬೇಕಿತ್ತು. ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು, ಅದರ ಮೇಲೆ ಅವರ ಗುರುತು ಅಂಟಿಸಿದರು. ಚೀಟಿ ಯಾವ ಪೆಟ್ಟಿಗೆಗೆ ಬೀಳುತ್ತದೋ ಅವರಿಗೆ ವೋಟು. ಎಂ.ಎಸ್. ಸೇಥಿ ಅಂತ ಚುನಾವಣಾ ಆಯೋಗದಲ್ಲಿ ಒಬ್ಬ ಡ್ರಾಫ್ಟ್ಸ್‌ಮನ್ ಇದ್ದರು. ಮುಂದಿನ ದಶಕಗಳಲ್ಲಿ ಎಷ್ಟೋ ಗುರುತುಗಳನ್ನು ಪೆನ್ಸಿಲ್ ಹಿಡಿದು ಬರೆದವರು ಅವರು. ಅವರು ಬರೆದ ಕೆಲವು ಚಿತ್ರಗಳಿಗೆ ಇವತ್ತೂ ಜನ ವೋಟು ಹಾಕುತ್ತಿದ್ದಾರೆ. ನಮ್ಮಲ್ಲಿ ಡಿಸೈನ್ ಕಲಿಯುವ ಎಷ್ಟು ಮಕ್ಕಳಿಗೆ ಅವರ ಹೆಸರು ಗೊತ್ತಿದೆ?

ಆ ಗುರುತುಗಳು ಯಾಕೆ ಗೆದ್ದವು? ಚಿತ್ರ ಚೆನ್ನಾಗಿತ್ತು, ನಿಜ. ಆದರೆ ಬೂತಿನೊಳಗೆ ಕಾಲಿಡುವ ಮುಂಚೆ ವಾರಗಟ್ಟಲೆ ಆ ಗುರುತು ಬೀದಿ ಬೀದಿಯಲ್ಲಿ ಓಡಾಡಿರುತ್ತದೆ. ಮನೆ ಬಾಗಿಲಿಗೆ ಬಂದು ಕೈ ಮುಗಿದಿರುತ್ತಾರೆ. ಆಟೋದಲ್ಲಿ ಮೈಕು ಕಟ್ಟಿಕೊಂಡು ಕೂಗಿರುತ್ತಾರೆ. ಈ ಗುರುತು ಯಾರದ್ದು, ಒತ್ತಿದರೆ ಏನಾಗುತ್ತದೆ ಅನ್ನುವುದು ಎಲ್ಲರಿಗೂ ಮೊದಲೇ ಗೊತ್ತು. ಪೂರ್ತಿ ಸಂದರ್ಭದ ವಿಡಿಯೋ ಮಾಡಿದ್ದು ಇದೇ ಕೆಲಸ ಅಂತ ನನಗೆ ಅನಿಸುತ್ತದೆ. ಇದು ನನ್ನ ಹೋಲಿಕೆ, ಅವರ ಪೇಪರಿನಲ್ಲಿ ಹೀಗೆ ಬರೆದಿಲ್ಲ.

ಅದೇ 2007ರಲ್ಲಿ ಅವರ ಇನ್ನೊಂದು ಅಧ್ಯಯನ ಬಂತು. ಎದೆನೋವು, ವಾಂತಿ ಅಂತ ಹೇಳುತ್ತೇವಲ್ಲ, ಅಂಥ ಕಾಯಿಲೆಯ ಲಕ್ಷಣಗಳನ್ನು ಓದಲು ಬಾರದವರಿಗೆ ಯಾವ ರೀತಿ ತೋರಿಸಿದರೆ ಚೆನ್ನಾಗಿ ತಿಳಿಯುತ್ತದೆ ಅನ್ನುವ ಪ್ರಶ್ನೆ. 200 ಜನ, 13 ಲಕ್ಷಣ. ಬರಹ, ಕೈಯಲ್ಲಿ ಬರೆದ ಚಿತ್ರ, ಫೋಟೋ, ಅನಿಮೇಷನ್, ವಿಡಿಯೋ ಅಂತ ಐದು ಬಗೆ. ಒಂದೊಂದನ್ನೂ ದನಿಯ ಜೊತೆ ಒಂದು ಸಲ, ದನಿ ಇಲ್ಲದೆ ಒಂದು ಸಲ. ಒಟ್ಟು ಹತ್ತು ಬಗೆ.

ನೀವೇ ಊಹೆ ಮಾಡಿ. ಯಾವುದು ಗೆಲ್ಲಬೇಕು? ನಾನಾಗಿದ್ದರೆ ಕಣ್ಣುಮುಚ್ಚಿಕೊಂಡು ದನಿ ಇರುವ ವಿಡಿಯೋ ಅನ್ನುತ್ತಿದ್ದೆ. ಹಾಗಾಗಲಿಲ್ಲ. ದನಿ ಇದ್ದರೆ ಬೇಗ ತಿಳಿಯುತ್ತದೆ ಅನ್ನುವುದೇನೋ ಹೌದು. ಆದರೆ ನೋಡುವುದು, ಕೇಳುವುದು ಎರಡೂ ಒಟ್ಟಿಗೆ ಬಂದಾಗ ಕೆಲವರಿಗೆ ಗೊಂದಲವೂ ಆಯಿತು. ಜಾಸ್ತಿ ವಿವರ ಇದ್ದಷ್ಟೂ ಜಾಸ್ತಿ ಅರ್ಥವಾಗುತ್ತದೆ ಅನ್ನುವುದು ನಿಲ್ಲಲಿಲ್ಲ. ಅಲುಗಾಡುವ ಚಿತ್ರ ಮೇಲೋ ನಿಂತ ಚಿತ್ರ ಮೇಲೋ ಅನ್ನುವುದಕ್ಕೂ ಒಂದೇ ಉತ್ತರ ಸಿಗಲಿಲ್ಲ. ಯಾವ ವಿಷಯ ತೋರಿಸುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತಿತ್ತು.

ಇಂಥ ಫಲಿತಾಂಶ ನಮಗೆ ಕಿರಿಕಿರಿ ಮಾಡುತ್ತದೆ. ಮೀಟಿಂಗಿನಲ್ಲಿ ಹೇಳಲು ಒಂದು ಸಾಲಿನ ನಿಯಮ ಸಿಗುವುದಿಲ್ಲ. ನನಗೆ ಮಾತ್ರ ಇದು ತುಂಬಾ ಪ್ರಾಮಾಣಿಕ ಅನಿಸುತ್ತದೆ.

ಆಮೇಲೆ ಮೊಬೈಲ್ ಬಂತು. ಅವರ ತಂಡ ಭಾರತ, ಕೆನ್ಯಾ, ಫಿಲಿಪ್ಪೀನ್ಸ್, ದಕ್ಷಿಣ ಆಫ್ರಿಕಾ ಈ ನಾಲ್ಕು ದೇಶಗಳಲ್ಲಿ, ಓದು ಕಡಿಮೆ ಇರುವ 90 ಜನರನ್ನು ಕಂಡು ಮಾತಾಡಿಸಿತು. ಫೋನಿನಲ್ಲಿ ದುಡ್ಡು ಕಳಿಸುವುದು, ಆರೋಗ್ಯದ ಮಾಹಿತಿ ಕಳಿಸುವುದು, ಇಂಥವು. ಎಸ್ಸೆಮ್ಮೆಸ್ಸು, ಫಾರಂ ತುಂಬುವುದು ಅಂಥವರಿಗೆ ಆಗುವ ಮಾತೇ ಅಲ್ಲ ಅಂತ ಖಚಿತವಾಯಿತು. ದುಡ್ಡು ಕಳಿಸುವ ವಿಷಯದಲ್ಲಿ ಚಿತ್ರಗಳ ಪರದೆ ಬಳಸಿದವರು ಹೆಚ್ಚು ಜನ ಕೆಲಸ ಮುಗಿಸಿದರು. ಮಾತಿನಲ್ಲಿ ನಡೆಯುವ ವ್ಯವಸ್ಥೆ ಅರ್ಥವಾದವರು ಮಾತ್ರ ಅದರಲ್ಲಿ ಇನ್ನೂ ಬೇಗ ಮುಗಿಸಿದರು. ಇದು 2011ರಲ್ಲಿ ಪ್ರಕಟವಾಯಿತು.

ಅದೇ ಲೇಖನದಲ್ಲಿ ಸೇರಿಸಿದ ಇನ್ನೊಂದು ಪ್ರಯೋಗ ಗುಜರಾತಿನದ್ದು. ಆರೋಗ್ಯ ಕಾರ್ಯಕರ್ತೆಯರು ರೋಗಿಯ ವಿವರವನ್ನು ಫೋನಿನಲ್ಲಿ ಕಳಿಸಬೇಕು. ಫಾರಂ ತುಂಬಿದಾಗ ತಪ್ಪು ನೂರಕ್ಕೆ 4.2. ಎಸ್ಸೆಮ್ಮೆಸ್ಸಿನಲ್ಲಿ 4.5. ಫೋನ್ ಮಾಡಿ, ಆ ಕಡೆ ಕೂತ ಮನುಷ್ಯರಿಗೆ ಬಾಯಿಮಾತಿನಲ್ಲಿ ಹೇಳಿದಾಗ 0.45. ಹತ್ತು ಪಟ್ಟು ಕಡಿಮೆ! ಕ್ಷಯ ರೋಗಿಯ ಔಷಧಿ ವಿವರದಲ್ಲಿ ಒಂದು ತಪ್ಪು ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಂಥ ದೇಶದಲ್ಲಿ ಒಬ್ಬ ಆಪರೇಟರನ್ನು ಕೂರಿಸುವುದು ದುಬಾರಿಯೂ ಅಲ್ಲ ಅಂತ ಅವರು ಲೆಕ್ಕ ಹಾಕಿ ತೋರಿಸಿದರು. ಕಂಪ್ಯೂಟರ್ ಸಂಶೋಧಕರೇ ಕೂತು, ಇಲ್ಲಿ ಮನುಷ್ಯ ಸಾಕು ಅಂತ ಬರೆಯುವುದಕ್ಕೆ ಎದೆ ಗಟ್ಟಿ ಇರಬೇಕು.

ಇನ್ನು ಅವರ ಕೆಲಸದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಭಾಗ. 2013ರದ್ದು. 60 ಜನ ಭಾಗವಹಿಸಿದ್ದರು. ಮನೆಬಳಕೆಯ ವಸ್ತುಗಳ ಚಿತ್ರ ಪರದೆ ಮೇಲೆ. ಹೇಳಿದ ವಸ್ತುವನ್ನು ಹುಡುಕಿ ತೋರಿಸಬೇಕು. ಒಂದು ಕಡೆ ಎಲ್ಲ ವಸ್ತುಗಳೂ ಒಂದೇ ಪಟ್ಟಿಯಲ್ಲಿ. ಇನ್ನೊಂದು ಕಡೆ ಗುಂಪು, ಗುಂಪಿನೊಳಗೆ ಗುಂಪು. ನಾವು ಫೋನಿನಲ್ಲಿ ದಿನಾ ಮಾಡುವುದು ಅದೇ ಅಲ್ವಾ? ಮೆನು ಒಳಗೆ ಮೆನು.

ಒಂದಕ್ಷರವೂ ಇಲ್ಲ, ಬರೀ ಚಿತ್ರ. ಹಾಗಿದ್ದರೂ ಶಾಲೆಗೆ ಕಡಿಮೆ ಹೋದವರಿಗೆ ಗುಂಪುಗಳ ಒಳಗೆ ದಾರಿ ಹುಡುಕುವುದು ಕಷ್ಟವಾಯಿತು. ಓದು ಕಡಿಮೆ ಇದ್ದಷ್ಟೂ ಕಷ್ಟ ಜಾಸ್ತಿ. ಉದ್ದನೆಯ ಒಂದೇ ಪಟ್ಟಿ ಅವರಿಗೆ ಹಗುರ.

ಇದನ್ನು ಕೇಳಿ ಯಾರಾದರೂ ಬುದ್ಧಿಯ ಮಾತೆತ್ತಿದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ದೊಡ್ಡಮ್ಮ ಕರೆಂಟು ಹೋದಾಗಲೂ ಅಡುಗೆಮನೆಯಲ್ಲಿ ಮೆಂತ್ಯದ ಡಬ್ಬಿಗೆ ನೇರ ಕೈ ಹಾಕುತ್ತಾರೆ. ಅವರ ಡಬ್ಬಿಗಳಿಗೆ ಒಂದು ವ್ಯವಸ್ಥೆ ಇದೆ. ಸಾಸಿವೆ, ಜೀರಿಗೆ, ಮೆಂತ್ಯ, ಇಂಗು, ಪಕ್ಕದಲ್ಲೇ ಎಣ್ಣೆ, ಅದರ ಪಕ್ಕ ಒಗ್ಗರಣೆ ಸೌಟು. ನಾನಾದರೆ ಕಾಳುಗಳನ್ನು ಒಂದು ಕಡೆ, ಎಣ್ಣೆಗಳನ್ನು ಇನ್ನೊಂದು ಕಡೆ, ಸೌಟುಗಳನ್ನು ಮತ್ತೊಂದು ಕಡೆ ಇಡುತ್ತೇನೆ. ಅವರದು ಕೆಲಸಕ್ಕೆ ತಕ್ಕ ಜೋಡಣೆ. ನನ್ನದು ಜಾತಿಗೆ ತಕ್ಕ ಜೋಡಣೆ. ಒಗ್ಗರಣೆ ಹಾಕುವ ಹೊತ್ತಿಗೆ ಯಾವುದು ಮೇಲು, ನೀವೇ ಹೇಳಿ.

ಈ ವಿಷಯ ತುಂಬಾ ಹಿಂದೆಯೇ ಗಮನಕ್ಕೆ ಬಂದಿತ್ತು. ಅಲೆಕ್ಸಾಂಡರ್ ಲೂರಿಯಾ ಅಂತ ಸೋವಿಯತ್ ಮನಶ್ಶಾಸ್ತ್ರಜ್ಞ. 1931–32ರಲ್ಲಿ ಉಜ್ಬೇಕಿಸ್ತಾನದ ರೈತರಿಗೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ ಈ ನಾಲ್ಕರ ಚಿತ್ರ ತೋರಿಸಿ, ಒಂದೇ ಜಾತಿಯವು ಯಾವುವು ಅಂತ ಕೇಳಿದರು. ಶಾಲೆ ಕಂಡವರು ದಿಮ್ಮಿಯನ್ನು ಪಕ್ಕಕ್ಕಿಟ್ಟರು. ಶಾಲೆ ಕಾಣದ ರೈತರು ಯಾವುದನ್ನೂ ಬಿಡಲು ಒಪ್ಪಲಿಲ್ಲ. ದಿಮ್ಮಿಯೇ ಇಲ್ಲದೆ ಗರಗಸಕ್ಕೆ, ಕೊಡಲಿಗೆ ಏನು ಕೆಲಸ? ವಸ್ತುಗಳನ್ನು ಬಳಕೆಯಿಂದ ಬಿಡಿಸಿ, ಬರೀ ಹೆಸರಿನ ಮೇಲೆ ಗುಂಪು ಮಾಡುವುದನ್ನು ನಮಗೆ ಕಲಿಸಿದ್ದು ಶಾಲೆ. ಪರಿವಿಡಿ, ಕೋಷ್ಟಕ, ಅಧ್ಯಾಯ, ಉಪಅಧ್ಯಾಯ. ಹತ್ತು ವರ್ಷ ಅದನ್ನೇ ಮಾಡಿ ಮಾಡಿ ನಮಗೆ ಅದು ಉಸಿರಾಟದಷ್ಟು ಸಹಜ ಆಗಿದೆ. ಆಮೇಲೆ ಆ ಅಭ್ಯಾಸವನ್ನೇ ಫೋನಿನೊಳಗೆ ತುಂಬಿಸಿ, ಇದನ್ನು ಬಳಸುವುದು ಸುಲಭ ಅಂತ ಮಾರುತ್ತೇವೆ. ನಾನು ಮಾಡಿದ ಹಾಲಿನ ಆ್ಯಪ್ ಕೂಡ ಮೂರು ಅಂತಸ್ತಿನ ಮೆನು.

ಈ ಕೆಲಸಕ್ಕೆ ಇಂದ್ರಾಣಿಗೆ ಮನ್ನಣೆಯೂ ಸಿಕ್ಕಿತು. 2010ರಲ್ಲಿ ಎಂಐಟಿಯ ಟೆಕ್ನಾಲಜಿ ರಿವ್ಯೂ ಪತ್ರಿಕೆ 35 ವರ್ಷದೊಳಗಿನ ಸಾಧಕರ ಪಟ್ಟಿಯಲ್ಲಿ ಅವರ ಹೆಸರು ಸೇರಿಸಿತು.

ಅದೇ ಲ್ಯಾಬಿನಿಂದ ಬಂದ ಇನ್ನೊಂದು ಅಧ್ಯಯನವನ್ನೂ ಇಲ್ಲಿ ಸೇರಿಸಬೇಕು. ನಿತ್ಯಾ ಸಾಂಬಶಿವನ್ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ್ದು, ಅದೂ ಬೆಂಗಳೂರಿನ ಕೊಳೆಗೇರಿಗಳದ್ದೇ. ಇಂದ್ರಾಣಿ ಶುರುವಿನಲ್ಲಿ ಯಾರ ಸಹಾಯವೂ ಬೇಡದ ಪರದೆ ಮಾಡಲು ಹೊರಟಿದ್ದರಲ್ಲ. ಇವರು ಉಲ್ಟಾ ಕಡೆಯಿಂದ ನೋಡಿದರು. ಜನ ನಿಜವಾಗಿ ಹೇಗೆ ಬಳಸುತ್ತಿದ್ದಾರೆ? ಮಗಳು ನಂಬರ್ ಒತ್ತಿ ಅಮ್ಮನ ಕೈಗೆ ಫೋನ್ ಕೊಡುತ್ತಾಳೆ. ಪಕ್ಕದ ಮನೆಯ ಹುಡುಗ ಮೆಸೇಜ್ ಓದಿ ಹೇಳುತ್ತಾನೆ. ಇನ್ನು ಕೆಲವು ಸಲ ಇಡೀ ಕೆಲಸವನ್ನೇ ಬೇರೆಯವರು ಮಾಡಿಕೊಟ್ಟುಬಿಡುತ್ತಾರೆ. ಫೋನ್ ಒಬ್ಬರದು, ಬೆರಳು ಇನ್ನೊಬ್ಬರದು. ನಮ್ಮ ಊರಿನಲ್ಲಿ ಮೊದಲು ಪೋಸ್ಟ್‌ಮ್ಯಾನೇ ಕಾಗದ ಓದಿ ಹೇಳುತ್ತಿದ್ದರು, ಉತ್ತರವನ್ನೂ ಅವರೇ ಬರೆದುಕೊಡುತ್ತಿದ್ದರು. ಅದೇ ಪದ್ಧತಿ ಮುಂದುವರಿದಿದೆ.

ಆದರೆ ಇದರಲ್ಲಿ ನೋವೂ ಇದೆ. ಎಟಿಎಂ ಮುಂದೆ ಕಾರ್ಡು ಹಿಡಿದು ನಿಂತು, ಒಳ್ಳೆಯ ಮುಖದವರು ಯಾರಾದರೂ ಬರುತ್ತಾರಾ ಅಂತ ನೋಡುವವರನ್ನು ನೀವೂ ಕಂಡಿರುತ್ತೀರಿ. "ಸ್ವಲ್ಪ ತೆಗೆದುಕೊಡಮ್ಮ" ಅಂತ ನಂಬರನ್ನೂ ಹೇಳಿಬಿಡುತ್ತಾರೆ. ಸಹಾಯ ಕೇಳುವುದು ಬೇರೆ, ಗುಟ್ಟು ಬಿಟ್ಟುಕೊಡಬೇಕಾಗಿ ಬರುವುದು ಬೇರೆ. ಹಾಗಾಗಿ ಎರಡೂ ಅಧ್ಯಯನ ನನಗೆ ಬೇಕು. ದುಡ್ಡಿನ ವಿಷಯಕ್ಕೆ ಯಾರೂ ಬೇಡದ ಪರದೆ. ಉಳಿದದ್ದಕ್ಕೆ ಇಬ್ಬರು ಪಕ್ಕ ಪಕ್ಕ ಕೂತು ನೋಡುವಂಥ ಪರದೆ.

ಈಗೀಗ ಒಳ್ಳೆಯದೊಂದು ಕಾಣುತ್ತಿದೆ. ತರಕಾರಿ ಗಾಡಿಯ ಮೇಲೆ ಇಟ್ಟಿರುವ, ದುಡ್ಡು ಬಂದರೆ ಕೂಗಿ ಹೇಳುವ ಸಣ್ಣ ಸ್ಪೀಕರ್ ಡಬ್ಬಿ. ನಮ್ಮ ಬೀದಿಯಲ್ಲಿ ಸೊಪ್ಪು ಮಾರುವ ಅಜ್ಜಿ ಅದನ್ನು ಸೊಪ್ಪಿನ ಬುಟ್ಟಿಗೇ ಸಿಕ್ಕಿಸಿಕೊಂಡಿದ್ದಾರೆ. ನಾನು ಸ್ಕ್ಯಾನ್ ಮಾಡುತ್ತೇನೆ. ಅವರು ಕಟ್ಟು ಕಟ್ಟುತ್ತಾ ಕಿವಿ ಆ ಕಡೆ ಇಟ್ಟಿರುತ್ತಾರೆ. ಕನ್ನಡದಲ್ಲಿ ಮೂವತ್ತು ರೂಪಾಯಿ ಬಂತು ಅಂತ ಕೇಳಿಸಿದ ಮೇಲೇ ಕಟ್ಟು ನನ್ನ ಕೈಗೆ. ಒತ್ತುವುದು ಇಲ್ಲ, ನೋಡುವುದು ಇಲ್ಲ, ಮೆನು ಇಲ್ಲ. ಒಂದೇ ವಿಷಯ ಹೇಳುತ್ತದೆ, ಅವರಿಗೆ ಬೇಕಾದ ವಿಷಯವನ್ನೇ ಹೇಳುತ್ತದೆ. ಆ ಡಬ್ಬಿ ಮಾಡಿದವರು ಈ ಪೇಪರುಗಳನ್ನು ಓದಿದ್ದರೋ ಇಲ್ಲವೋ, ದಾರಿ ಮಾತ್ರ ಅದೇ.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: "ಮೇಡಂ, ಈಗ ಎಐ ಬಂದಿದೆ. ಕನ್ನಡದಲ್ಲೇ ಮಾತಾಡಿದರೆ ಸಾಕು, ಎಲ್ಲ ಹೇಳುತ್ತದೆ. ಇನ್ನು ಪರದೆ, ಚಿತ್ರ ಎಲ್ಲ ಯಾಕೆ?"

ಒಳ್ಳೆಯ ಪ್ರಶ್ನೆ. ನನಗೂ ಆಸೆ ಇದೆ. ಮಾತಿನಲ್ಲಿ ಕೆಲಸ ಬೇಗ ಆಗುತ್ತದೆ ಅನ್ನುವುದು 2011ರ ಅಧ್ಯಯನದಲ್ಲೇ ಇತ್ತು. ಆದರೆ ಅದಕ್ಕೊಂದು ಷರತ್ತೂ ಇತ್ತು, ನೆನಪಿದೆಯಾ? ಅರ್ಥವಾದವರಿಗೆ ಮಾತ್ರ. ಹಾಗಾಗಿ ನಾನು ಹೋದ ದೀಪಾವಳಿಗೆ ಊರಿಗೆ ಹೋದಾಗ ನೋಡಿದ್ದನ್ನು ಹೇಳಿದೆ.

ದೊಡ್ಡಮ್ಮನಿಗೆ ಫೋನ್ ಕೊಟ್ಟು, "ಏನು ಬೇಕಾದ್ರೂ ಕೇಳು ದೊಡ್ಡಮ್ಮ, ಹೇಳುತ್ತೆ" ಅಂದೆ. ಅವರು ಸೆರಗು ಸರಿ ಮಾಡಿಕೊಂಡರು. "ಹಲೋ, ಚೆನ್ನಾಗಿದ್ದೀಯೇನಪ್ಪಾ? ಊಟ ಆಯ್ತಾ?" ಅಂದರು. ಅದು ಏನೋ ಉತ್ತರ ಕೊಟ್ಟಿತು. ಕನ್ನಡ ಚೆನ್ನಾಗಿಯೇ ಇತ್ತು. ದೊಡ್ಡಮ್ಮ ಫೋನನ್ನು ಕಿವಿಯಿಂದ ತೆಗೆದು ನನ್ನ ಕಡೆ ತಿರುಗಿದರು.

"ಇವರು ಯಾವ ಊರಿನೋರು?"

"ಒಬ್ಬರಲ್ಲ ದೊಡ್ಡಮ್ಮ, ಅದು ಕಂಪನಿ. ತುಂಬಾ ದೂರದ್ದು."

"ಹಂಗಾರೆ ನಮ್ಮ ಡೈರಿ ಲೆಕ್ಕ ಅವರಿಗೆ ಹೆಂಗೆ ಗೊತ್ತಿರ್ತದೆ?"

ನನ್ನ ಫೋನ್ ವಾಪಸ್ ಕೊಟ್ಟು, ಗೂಡಿನಲ್ಲಿದ್ದ ತಮ್ಮ ಫೋನ್ ತೆಗೆದುಕೊಂಡರು. ಕೆಳಗೆ ಕೆಳಗೆ ಒತ್ತುತ್ತಾ ಹೋಗಿ, ಅರವತ್ತಮೂರು ಕಂಡ ಕೂಡಲೇ ನಿಲ್ಲಿಸಿ, ಹಸಿರು ಬಟನ್ ಒತ್ತಿದರು.